ಗುರುಶಿಷ್ಯರಲ್ಲಿ ಮೊದಲು ನಂಬತಕ್ಕವರು ಯಾರು?

ಯಲಹಂಕದಿಂದ ದೊಡ್ಡಬಳ್ಳಾಪುರಕ್ಕೆ ಹೋಗುವ ದಾರಿಯ ಬದಿಯಲ್ಲಿರುವ ಒಂದು ಚಿಕ್ಕ ಸಭೆಯಲ್ಲಿ ಈಚೆಗೆ ಕೇಳಿದ ಎರಡು ಮಾತುಗಳಿಂದ ಈ ಲೇಖನವು ಹುಟ್ಟಿತು. ಆ ಸಭೆಯ ಹಿರಿಯರೊಬ್ಬರು ಮೂವತ್ತು ವರುಷಗಳಿಂದ ಸುತ್ತಲಿನ ಹಳ್ಳಿಗಳಲ್ಲಿ ಸುವಾರ್ತಾಸೇವೆಯನ್ನು ನಡಿಸುತ್ತಾ ಬಂದವರು. ಯಶವಂತಪುರದ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ಒಬ್ಬ ಯೌವನಸ್ಥನು ಆ ಕೆಲಸವನ್ನು ಬಿಟ್ಟು ಅವರಿಗೆ ಸಹಾಯಕನಾಗಿ ಬಂದು ಎರಡು ವರುಷಗಳಾದವು. ಬೆಳಿಗ್ಗೆ ಹಿರಿಯರು ನನ್ನನ್ನು ಜಗಲಿಯ ಮೇಲೆ ಕುಳ್ಳಿರಿಸಿಕೊಂಡು, “ಹುಡುಗನು ಒಳ್ಳೆಯವನೇ. ಆದರೂ ಅವನು ನಂಬಿಗಸ್ತನೆಂದು ಮೊದಲು ನನ್ನ ಕಣ್ಣಿಗೆ ತೋರಿಬರಲಿ, ಆಮೇಲೆ ಕೆಲಸವನ್ನು ಅವನ ಕೈಗೆ ಬಿಡುತ್ತೇನೆ” ಎಂದರು. ಅದೇ ದಿನ ಸಾಯಂಕಾಲ ನನ್ನನ್ನು ಬಸ್ಸಿಗೆ ಹತ್ತಿಸಲು ಬಂದ ಆ ಹುಡುಗನು, “ಅಯ್ಯನವರೇ, ದೊಡ್ಡವರು ನನ್ನ ಕೈಗೆ ಒಂದು ಕೆಲಸವನ್ನೂ ಬಿಡುವದಿಲ್ಲ. ಬಿಟ್ಟರಲ್ಲವೇ ನಾನು ನಂಬಿಗಸ್ತನೋ ಅಲ್ಲವೋ ಎಂಬದು ಅವರಿಗೆ ತಿಳಿಯುವದು?” ಎಂದನು.

ಇಬ್ಬರ ಮಾತೂ ನ್ಯಾಯವಾದದ್ದಾಗಿಯೇ ಕೇಳಿಸಿತು. ಇಕ್ಕಟ್ಟಾದ ಕೆರೆಯೇರಿಯ ಮೇಲೆ ಎರಡು ಗಾಡಿಗಳು ಎದುರುಬದುರಾದಾಗ ಇವನು ಸರಿಯಲೆಂದು ಅವನೂ ಅವನು ಸರಿಯಲೆಂದು ಇವನೂ ನಿಂತರೆ, ಹೊತ್ತು ಮುಳುಗಿದರೂ ಇಬ್ಬರೂ ಊರು ಸೇರುವದಿಲ್ಲ. ಹೆಬ್ಬಾಳದ ಮೇಲ್ಸೇತುವೆಯ ಬಳಿಯಲ್ಲಿ ಬಸ್ಸು ಇಷ್ಟಿಷ್ಟೇ ಸರಿಯುತ್ತಾ ನಿಲ್ಲುತ್ತಾ ಇದ್ದಷ್ಟು ಹೊತ್ತೂ (ಆ ಸ್ಥಳವನ್ನು ಬಲ್ಲವರಿಗೆ ಅದು ಎಷ್ಟು ಹೊತ್ತೆಂದು ಹೇಳಬೇಕಾಗಿಲ್ಲ) ನಾನು ಇದನ್ನೇ ಆಲೋಚಿಸುತ್ತಿದ್ದೆನು. ಕರ್ತನ ಕೆಲಸದಲ್ಲಿ ಕಲಿಸುವವನೂ ಕಲಿಯುವವನೂ ಜೊತೆಯಾಗಿ ಹೊರಟಾಗ, ಅವರಲ್ಲಿ ಮೊದಲು ನಂಬತಕ್ಕವನು ಯಾವನು?

ಲೋಕದ ರೀತಿಯು ಹಿರಿಯರ ಪಕ್ಷದಲ್ಲಿದೆ. ಅಂಗಡಿಯವನು ಗುರುತಿಲ್ಲದವನಿಗೆ ಸಾಲ ಬರೆಯುವದಿಲ್ಲ. ಹೊಸ ಗಡಿಗೆಯನ್ನು ಕೊಳ್ಳುವ ಹೆಂಗಸು ಅದನ್ನು ಬೆರಳಿನಿಂದ ತಟ್ಟಿ ಸದ್ದು ಕೇಳಿದ ಮೇಲೆಯೇ ದುಡ್ಡು ಕೊಡುತ್ತಾಳೆ. ಮನುಷ್ಯನನ್ನೂ ಹೀಗೆಯೇ ತಟ್ಟಿ ನೋಡಬಾರದೇ ಎಂದು ಕೇಳಬಹುದು. ಆದರೆ ಇಲ್ಲಿ ಒಂದು ಭೇದವುಂಟು. ಗಡಿಗೆಯು ಸೋರುವದೋ ಸೋರದೋ ಎಂಬದು ಆವಿಗೆಯಿಂದ ಹೊರಗೆ ಬಂದಾಗಲೇ ತೀರ್ಮಾನವಾಗಿ ಹೋಗಿದೆ. ನಾವು ತಟ್ಟಿದ್ದರಿಂದ ಅದು ಗಟ್ಟಿಯಾಗುವದೂ ಇಲ್ಲ, ತಟ್ಟದೆ ಇದ್ದದರಿಂದ ಒಡೆಯುವದೂ ಇಲ್ಲ. ಮನುಷ್ಯನ ನಂಬಿಗಸ್ತಿಕೆಯು ಅಂಥದಲ್ಲ. ಅವನ ಕೈಯಲ್ಲಿ ಏನಾದರೂ ಇಟ್ಟಾಗಲೇ ಅದು ಬೆಳೆಯತೊಡಗುತ್ತದೆ. ಏನನ್ನೂ ಇಡದೆ ಹೋದರೆ ಅದು ಇದ್ದಷ್ಟೂ ಒಣಗುತ್ತದೆ. ಅದು ಗಡಿಗೆಯಂತಿರದೆ ಹೊಲದಂತಿದೆ. ಒಂದು ಹದಮಳೆ ಬಿದ್ದ ಕೂಡಲೆ ನಮ್ಮ ರೈತನು ಬೀಜದ ರಾಗಿಯನ್ನು ಹೊಲಕ್ಕೆ ಹಾಕುತ್ತಾನೆ; ಮುಂದಿನ ಮಳೆಯ ವಿಷಯದಲ್ಲಿ ಅವನಿಗೆ ಮುಚ್ಚಳಿಕೆ ಬರೆದುಕೊಟ್ಟವರು ಯಾರೂ ಇಲ್ಲ. ಹೊಲವು ಮೊದಲು ಬೆಳೆಯನ್ನು ತೋರಿಸಲಿ, ಆಮೇಲೆ ಬೀಜ ಹಾಕುತ್ತೇನೆಂದು ಕುಳಿತವನ ಮನೆಯಲ್ಲಿ ಒಲೆ ಉರಿಯುವದುಂಟೇ?

ಆದಿಸಭೆಯಲ್ಲಿಯೂ ಈ ಪ್ರಶ್ನೆಯು ಎದ್ದು, ಇಬ್ಬರು ದೊಡ್ಡ ಸೇವಕರನ್ನು ಒಬ್ಬರಿಂದೊಬ್ಬರನ್ನು ಅಗಲಿಸಿತು. ಮಾರ್ಕನೆನಿಸಿಕೊಂಡ ಯೋಹಾನನು ಪೌಲ ಬಾರ್ನಬರ ಸಂಗಡ ಸಹಾಯಕನಾಗಿ ಹೊರಟು, ಪಂಫುಲ್ಯದ ಪೆರ್ಗೆಯಲ್ಲಿ ಅವರನ್ನು ಬಿಟ್ಟು ಯೆರೂಸಲೇಮಿಗೆ ಹಿಂದಿರುಗಿದನು. ಯಾಕೆ ಹಿಂದಿರುಗಿದನೆಂದು ಲೂಕನು ಬರೆದಿಲ್ಲ. ನಾವು ಒಂದು ಕಾರಣವನ್ನು ಕಟ್ಟಿ ಹೇಳುವದೂ ಬೇಡ. ಎರಡನೆಯ ಪ್ರಯಾಣ ಬಂದಾಗ ಅವನನ್ನು ಕರಕೊಂಡು ಹೋಗಬೇಕೆಂದು ಬಾರ್ನಬನೂ, ಕೂಡದೆಂದು ಪೌಲನೂ ಹಟಹಿಡಿದರು. ಕಡೆಗೆ ಪೌಲನು ಸೀಲನನ್ನು ಕರಕೊಂಡು ಒಂದು ಕಡೆಗೂ, ಬಾರ್ನಬನು ಮಾರ್ಕನನ್ನು ಕರಕೊಂಡು ಕುಪ್ರದ್ವೀಪಕ್ಕೂ ಹೋದರು. ನಮ್ಮ ಪ್ರಸಂಗಗಳಲ್ಲಿ ಸಾಮಾನ್ಯವಾಗಿ ಪೌಲನ ದಾರಿಯನ್ನೇ ಹಿಂಬಾಲಿಸುತ್ತೇವೆ, ಯಾಕಂದರೆ ಗ್ರಂಥವೂ ಆ ದಾರಿಯಲ್ಲಿಯೇ ಹೋಗುತ್ತದೆ. ಆದರೆ ನನ್ನ ಮನಸ್ಸು ಅನೇಕ ಸಾರಿ ಆ ಕುಪ್ರದ ಹಡಗನ್ನು ಹತ್ತಿದೆ. ಒಂದು ಸಾರಿ ತಪ್ಪಿದ ಯೌವನಸ್ಥನೂ, ಅವನ ನಿಮಿತ್ತ ತನ್ನ ಪ್ರಿಯ ಜೊತೆಗಾರನನ್ನೇ ಬಿಟ್ಟುಬಂದ ಹಿರಿಯನೂ ಆ ಹಡಗಿನಲ್ಲಿ ಏನು ಮಾತಾಡಿಕೊಂಡರೋ! ಪೌಲನು ಮಾಡಿದ್ದು ಬರೀ ಕಠಿಣತನವೆಂದು ನಾನು ಹೇಳುವದಿಲ್ಲ. ಅಪಾಯದ ದಾರಿಯಲ್ಲಿ ನಡುವೆ ಬಿಟ್ಟುಹೋದವನು ಮಿಕ್ಕವರ ಪ್ರಾಣಕ್ಕೂ ಕೇಡಾಗಬಹುದು. ಆದರೂ ಒಂದು ಸಂಗತಿಯನ್ನು ಮರೆಯಬಾರದು. ಸಂಹಾರಕನಾಗಿದ್ದ ಸೌಲನು ಶಿಷ್ಯನಾದೆನೆಂದು ಹೇಳಿಕೊಂಡು ಯೆರೂಸಲೇಮಿಗೆ ಬಂದಾಗ ಎಲ್ಲರೂ ಭಯಪಟ್ಟು ದೂರ ನಿಂತರು; ಅವನ ಕೈಹಿಡಿದು ಅಪೊಸ್ತಲರ ಬಳಿಗೆ ಕರಕೊಂಡು ಹೋದವನು ಇದೇ ಬಾರ್ನಬನು. ಯಾವ ಪರೀಕ್ಷೆಯೂ ಮುಗಿಯುವ ಮೊದಲೇ ನಂಬಲ್ಪಟ್ಟವನು ಪೌಲನೇ. ಅವನು ವೃದ್ಧನಾಗಿ ಸೆರೆಯಲ್ಲಿದ್ದಾಗ ಮಾರ್ಕನನ್ನು ಕರಕೊಂಡು ಬಾ, ಅವನಿಂದ ನನಗೆ ಪ್ರಯೋಜನವುಂಟೆಂಬ ಅರ್ಥದಲ್ಲಿ ತಿಮೊಥೆಯನಿಗೆ ಬರೆದನೆಂಬದು ನಿಮಗೆ ತಿಳಿದೇ ಇದೆ.

ಇಷ್ಟು ಹೇಳಿದರೆ ಹಿರಿಯನೇ ಮೊದಲು ನಂಬಬೇಕೆಂದು ತೀರ್ಪಾಯಿತೆಂದು ತೋರಬಹುದು. ನಾನೂ ಬಹುಕಾಲ ಹಾಗೆಯೇ ಎಣಿಸಿದ್ದೆನು. ನಮ್ಮ ಕನ್ನಡನಾಡಿನಲ್ಲಿಯೇ ನಡೆದ ಒಂದು ಚರಿತ್ರೆಯನ್ನು ಓದಿದ ಮೇಲೆ ಆ ತೀರ್ಪು ನನಗೆ ಅರ್ಧವೆಂದು ಕಂಡಿತು.

ಬಾಸೆಲ್ ಮಿಶನಿನ ಮೊದಲನೆಯ ಬೋಧಕರು 1834ರಲ್ಲಿ ಮಂಗಳೂರಿಗೆ ಬಂದರು. ಎರಡು ವರುಷಗಳ ತರುವಾಯ, 1836ರ ಕೊನೆಯಲ್ಲಿ, ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಹರ್ಮನ್ ಮೊಗ್ಲಿಂಗ್ ಅಯ್ಯನವರು ಅಲ್ಲಿ ಬಂದಿಳಿದರು. ಆಗ ಅವರಿಗೆ ಇಪ್ಪತ್ತೈದು ವರುಷ. 1843ನೆಯ ಜುಲೈ 1ರಂದು ‘ಮಂಗಳೂರ ಸಮಾಚಾರ’ವೆಂಬ ಕನ್ನಡದ ಮೊದಲನೆಯ ವೃತ್ತಪತ್ರಿಕೆಯನ್ನು ಹೊರಡಿಸಿದವರೂ, ಹರಿದಾಸರ ಪದಗಳನ್ನು ಕೂಡಿಸಿ 1850ರಲ್ಲಿ ಅಚ್ಚು ಹಾಕಿಸಿದವರೂ ಇವರೇ. ಆದರೆ ಅವರ ಕುರಿತು ನನಗೆ ಅತಿ ಪ್ರಿಯವಾದ ಸಂಗತಿಯು ಬೇರೆ. ಅವರು ತಮ್ಮ ಶಾಲೆಯ ಹುಡುಗರ ಸಂಗಡಲೇ ವಾಸಮಾಡಿ ಅವರ ಊಟವನ್ನೇ ಉಂಡರು. ಬೇರೆ ಬಂಗಲೆಯಲ್ಲಿದ್ದುಕೊಂಡು ಹೊತ್ತಿಗೆ ಬಂದು ಕಲಿಸಿಹೋಗುವವನನ್ನು ಹುಡುಗರು ಗೌರವಿಸಬಹುದು. ಒಂದೇ ಪಾತ್ರೆಯ ಗಂಜಿಯನ್ನು ಉಂಡವನನ್ನು ಅವರು ಬಲ್ಲರು.

ಮಂಗಳೂರಿನಲ್ಲಿ ಮಿಶನಿನ ಇಂಗ್ಲಿಷ್ ಶಾಲೆಯಲ್ಲಿ ಓದುತ್ತಿದ್ದ ಸಾರಸ್ವತ ಬ್ರಾಹ್ಮಣರ ಹುಡುಗನಾದ ಆನಂದರಾವ್ ಕೌಂಡಿನ್ಯನು 1844ನೆಯ ಜನವರಿ 6ರಂದು ದೀಕ್ಷಾಸ್ನಾನ ಹೊಂದಿದನು. ಅವನು ಹುಟ್ಟಿದ್ದು 1825ರಲ್ಲಿ. ಇಪ್ಪತ್ತು ವರುಷ ಇನ್ನೂ ತುಂಬಿರಲಿಲ್ಲ. ಗುರುವಿನ ಹೆಸರನ್ನು ತನ್ನ ಹೆಸರಿನ ಮುಂದೆ ಇಟ್ಟುಕೊಂಡು ಹರ್ಮನ್ ಆನಂದರಾವ್ ಕೌಂಡಿನ್ಯನೆನಿಸಿಕೊಂಡನು. ಅವನ ಎಳೆಯ ಪತ್ನಿಯು ಅವನ ಸಂಗಡ ಬರಲಿಲ್ಲ. ಹುಟ್ಟಿದ ಮನೆಯ ಪಂಕ್ತಿಯಲ್ಲಿ ಅವನಿಗೆ ಇನ್ನು ಎಲೆ ಹಾಕುವವರಿರಲಿಲ್ಲ.

ಇಲ್ಲಿ ಸ್ವಲ್ಪ ನಿಂತು ನೋಡೋಣ. ಆ ದಿನ ಗುರುಶಿಷ್ಯರಿಬ್ಬರಲ್ಲಿ ಯಾರು ಯಾರನ್ನು ಹೆಚ್ಚಾಗಿ ನಂಬಿದರು? ಗುರುವು ಈ ಹುಡುಗನನ್ನು ನಂಬಿ ಮೋಸಹೋಗಿದ್ದರೆ ಅವರಿಗೆ ಅವಮಾನವಾಗುತ್ತಿತ್ತು, ಕೆಲವು ವರುಷಗಳ ಕಷ್ಟ ವ್ಯರ್ಥವಾಗುತ್ತಿತ್ತು. ಆದರೂ ಅವರ ಹಿಂದೆ ಮಿಶನ್ ಇತ್ತು, ಸಮುದ್ರದ ಆಚೆ ಅವರ ಊರಿತ್ತು, ಹೋದರೆ ಬಾಗಿಲು ತೆರೆಯುವವರಿದ್ದರು. ಶಿಷ್ಯನು ಗುರುವನ್ನು ನಂಬಿ ಮೋಸಹೋಗಿದ್ದರೆ ಅವನು ಹಿಂದಿರುಗುವದು ಎಲ್ಲಿಗೆ? ಹುಟ್ಟಿದ ಮನೆಯೇ ಅವನಿಗೆ ಬಾಸೆಲಿಗಿಂತ ದೂರವಾಗಿಹೋಗಿತ್ತು. ಹೀಗಿರಲಾಗಿ, ಹಿರಿಯನು ‘ಇವನನ್ನು ನಂಬಲೋ ಬೇಡವೋ’ ಎಂದು ತೂಗಿ ನೋಡುತ್ತಾ ಕುಳಿತಿರುವಾಗ ಕಿರಿಯನು ಆಗಲೇ ನಂಬಿಬಿಟ್ಟಿದ್ದಾನೆ. ಅವನು ಬಂದದ್ದೇ ಅವನ ನಂಬಿಕೆ. ಹಿರಿಯನು ಕೊಡುವ ನಂಬಿಕೆಯು ಮೊದಲನೆಯ ಕಾಣಿಕೆಯೆಂದು ನಾವು ಎಣಿಸುತ್ತೇವಲ್ಲಾ, ನಿಜವಾಗಿ ಅದು ತೀರಿಸಬೇಕಾದ ಋಣ.

ಮೊಗ್ಲಿಂಗ್ ಅಯ್ಯನವರು ಆ ಋಣವನ್ನು ತೀರಿಸಿದ ಬಗೆಯನ್ನು ನೋಡಿರಿ. 1846ರಲ್ಲಿ ತಾವು ಯೂರೋಪಿಗೆ ಹೋಗುವಾಗ ಕೌಂಡಿನ್ಯರನ್ನು ಸಂಗಡ ಕರಕೊಂಡು ಹೋಗಿ ಬಾಸೆಲಿನ ಮಿಶನ್ ಮನೆಯಲ್ಲಿ ಬಿಟ್ಟರು. ಅಲ್ಲಿ ಐರೋಪ್ಯ ವಿದ್ಯಾರ್ಥಿಗಳ ಸಂಗಡ ಅದೇ ಪಾಠವನ್ನು ಕಲಿತು, 1851ರಲ್ಲಿ ಸಭಾಪಾಲಕರಾಗಿ ಅಭಿಷಿಕ್ತರಾಗಿ, ಕೌಂಡಿನ್ಯರು ಮಂಗಳೂರಿಗೆ ಹಿಂದಿರುಗಿ ಉಪದೇಶಿಗಳನ್ನು ತರಬೇತು ಮಾಡುವ ಕೆಲಸಕ್ಕೆ ನಿಂತರು. ಆ ಕಾಲದಲ್ಲಿ ಈ ದೇಶದವನು ಎಷ್ಟು ಓದಿದರೂ ಬೋಧಕರ ಕೈಕೆಳಗಿನ ಸಹಾಯಕನಾಗಿ ಉಳಿಯುವದೇ ವಾಡಿಕೆಯಾಗಿತ್ತೆಂಬದನ್ನು ನೆನಸಿದರೆ ಇದು ಸಣ್ಣ ಕಾರ್ಯವಲ್ಲ.

ಮುಂದೆ ನಡೆದದ್ದು ಇನ್ನೂ ಆಶ್ಚರ್ಯ. 1853ರ ಆರಂಭದಲ್ಲಿ ಕೊಡಗಿನ ಆಲ್ಮಂಡದ ಸೋಮಯ್ಯನೆಂಬವನು ಮಂಗಳೂರಿನಲ್ಲಿ ದೀಕ್ಷಾಸ್ನಾನ ಹೊಂದಿದನು. ಅವನ ಸಂಗಡ ಮೊಗ್ಲಿಂಗ್ ಅಯ್ಯನವರು ಬೆಟ್ಟ ಹತ್ತಿ ಕೊಡಗಿಗೆ ಹೋದರು. ಬಾಸೆಲಿನ ಆಡಳಿತ ಮಂಡಲಿಯು ಆ ಕೆಲಸವನ್ನು ಕೂಡಲೇ ತನ್ನದಾಗಿ ಅಂಗೀಕರಿಸಲಿಲ್ಲ. ಕೆಲವು ವರುಷ ಅವರು ತಮ್ಮ ಹೊಣೆಯ ಮೇಲೆಯೇ ಅದನ್ನು ನಡಿಸಬೇಕಾಯಿತು. (ಕೊಡಗನ್ನೂ ಅಲ್ಲಿಯ ಮಿಶನನ್ನೂ ಕುರಿತು ಅವರು ಬರೆದ ಇಂಗ್ಲಿಷ್ ಪುಸ್ತಕವು 1855ರಲ್ಲಿ ನಮ್ಮ ಬೆಂಗಳೂರಿನ ವೆಸ್ಲಿಯನ್ ಮಿಶನ್ ಮುದ್ರಾಶಾಲೆಯಲ್ಲಿಯೇ ಅಚ್ಚಾಯಿತು.) ಆ ಬಿಕ್ಕಟ್ಟಿನ ಕಾಲದಲ್ಲಿ ಗುರುವಿಗೆ ಆಧಾರವಾದವರು ಶಿಷ್ಯರು. ಕೌಂಡಿನ್ಯರು ತಮ್ಮ ಸ್ವಂತ ಹಣವನ್ನು ಹಾಕಲಾಗಿ ಸಿದ್ದಾಪುರದ ಹತ್ತಿರ ಭೂಮಿಯು ದೊರೆಯಿತು. ಜೀತದ ನೊಗದ ಕೆಳಗಿದ್ದ ಬಡ ಜನರು ಬಂದು ನೆಲಸಿ ಕಾಫಿಯ ತೋಟಮಾಡಿ ಬದುಕುವದಕ್ಕೆ ಅಲ್ಲಿ ಸ್ಥಳವಾಯಿತು. ಆ ಊರಿಗೆ ಆನಂದಪುರವೆಂದು ಹೆಸರಾಯಿತು. ಶಿಷ್ಯನು ಗುರುವಿನ ಹೆಸರನ್ನು ಹೊತ್ತನು. ಗುರುವು ಕಷ್ಟಪಟ್ಟು ಕಟ್ಟಿದ ಊರು ಶಿಷ್ಯನ ಹೆಸರನ್ನು ಹೊತ್ತಿತು. 1860ರಲ್ಲಿ ಮೊಗ್ಲಿಂಗ್ ಅಯ್ಯನವರು ಜರ್ಮನಿಗೆ ಹೋದರು, ತಿರಿಗಿ ಬರಲಾಗಲಿಲ್ಲ. 1881ರಲ್ಲಿ ಅಲ್ಲಿಯೇ ತೀರಿಕೊಂಡರು. ಕೌಂಡಿನ್ಯರು ಈ ದೇಶದಲ್ಲಿಯೇ ಸೇವೆಯನ್ನು ಮುಂದುವರಿಸಿ 1893ರಲ್ಲಿ ನಿದ್ರೆಹೋದರು.

ಇದನ್ನು ಓದುವ ಒಬ್ಬ ಸಹೋದರನು, “ಕೌಂಡಿನ್ಯರು ಮೇಲ್ಜಾತಿಯವರು, ಓದಿದವರು, ಹಣವುಳ್ಳವರು, ಅಂಥವರನ್ನು ನಂಬುವದೇನು ದೊಡ್ಡದು? ನಮ್ಮ ಅಜ್ಜಂದಿರ ಕೈಗೆ ಯಾರು ಏನನ್ನು ಕೊಟ್ಟರು?” ಎಂದು ಕೇಳಬಹುದು. ಈ ಪ್ರಶ್ನೆಯನ್ನು ನಾನು ತಳ್ಳಿಹಾಕಲಾರೆನು. ಒಬ್ಬರಿಗೆ ಸರಿಸಮವಾದ ಸ್ಥಾನ ದೊರೆತ ಕಾಲದಲ್ಲಿ ಅನೇಕ ಉಪದೇಶಿಗಳು ಜೀವಮಾನವೆಲ್ಲಾ ನಡೆದು ಸವೆದು, ಅಪ್ಪಣೆಗಾಗಿ ಬಾಗಿಲಲ್ಲಿ ನಿಂತದ್ದೂ ಉಂಟು. 1910ರಲ್ಲಿ ಎಡಿನ್‌ಬರೋ ಪಟ್ಟಣದಲ್ಲಿ ಕೂಡಿದ ಲೋಕ ಮಿಶನ್ ಸಮ್ಮೇಳನದಲ್ಲಿ, ಮುಂದೆ ದೋರ್ನಕಲ್ಲಿನ ಬಿಷಪರಾದ ವಿ. ಎಸ್. ಅಜರಯ್ಯನವರು ಎದ್ದುನಿಂತು, ಬೋಧಕರ ತ್ಯಾಗವನ್ನೆಲ್ಲಾ ಒಪ್ಪಿಕೊಂಡು, ನಮಗೆ ಇನ್ನೂ ಬೇಕಾಗಿರುವದು ಅವರ ಸ್ನೇಹವೆಂದು ಕೇಳಿಕೊಂಡರು. ಅಷ್ಟು ದೊಡ್ಡ ಸಭೆಯಲ್ಲಿ ಆ ಮಾತನ್ನು ಆಡುವದಕ್ಕೆ ಎಷ್ಟು ಧೈರ್ಯ ಬೇಕಾಯಿತೋ! ಅದೇ 1910ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯೋಲಾಜಿಕಲ್ ಕಾಲೇಜು ಆರಂಭವಾಯಿತು. ಹೆಬ್ಬಾಳದ ಕಡೆಯಿಂದ ದಂಡಿಗೆ ಹೋಗುವಾಗ ಬೆನ್ಸನ್ ಟೌನಿನಲ್ಲಿ ಅದರ ಕಟ್ಟಡಗಳನ್ನು ಕಂಡಾಗಲೆಲ್ಲಾ ಈ ಎರಡು ಸಂಗತಿಗಳೂ ನನಗೆ ಒಟ್ಟಿಗೆ ನೆನಪಾಗುತ್ತವೆ. ಇಂದು ಆಜ್ಞೆಮಾಡುವ ಬೋಧಕರು ಸಮುದ್ರದಾಚೆಯಿಂದ ಬರುವದಿಲ್ಲ. ಹಿರಿಯರೂ ನಾವೇ, ಕಿರಿಯರೂ ನಮ್ಮ ಮಕ್ಕಳೇ. ಅಜ್ಜನನ್ನು ಬಾಗಿಲಲ್ಲಿ ನಿಲ್ಲಿಸಿದರೆಂದು ದುಃಖಪಡುವ ನಾವು ಮೊಮ್ಮಗನನ್ನು ಅದೇ ಬಾಗಿಲಲ್ಲಿ ನಿಲ್ಲಿಸಿದ್ದೇವೋ ಎಂದು ನೋಡಿಕೊಳ್ಳಬೇಡವೇ?

ಹಾಗಾದರೆ ಲೆಕ್ಕ ಕೇಳುವದು ತಪ್ಪೋ? ಇಲ್ಲಿ ನನ್ನದೇ ಒಂದು ಸಂಗತಿಯನ್ನು ಹೇಳಬೇಕಾಗಿದೆ. ಇಪ್ಪತ್ತೊಂದು ವರುಷದವನಾಗಿದ್ದಾಗ ನಾನು ಒಬ್ಬ ವೃದ್ಧ ಉಪದೇಶಿಗಳ ಕೈಕೆಳಗೆ ಕೆಲಸಕ್ಕೆ ಸೇರಿದೆನು. ಸುಗ್ಗಿಯ ಹಬ್ಬ ಬಂದಿತು. ಸಭೆಯವರು ತಂದ ರಾಗಿ, ಅವರೆಕಾಯಿ, ಕುಂಬಳಕಾಯಿ, ಕೋಳಿಗಳನ್ನೆಲ್ಲಾ ವಾಡಿಕೆಯಂತೆ ಹರಾಜು ಹಾಕಿದೆವು. ಮರುದಿನ ಆ ಹಣವನ್ನು ಬೆಂಗಳೂರಿಗೆ ಒಯ್ಯಲು ನನಗೆ ಹೇಳಿದರು. ನನ್ನ ಎದೆ ಹಿಗ್ಗಿತು. ಆದರೆ ಹೊರಡುವ ಮುಂಚೆ ಇಬ್ಬರು ಸಭಿಕರನ್ನು ಕರಿಸಿ, ಅವರ ಮುಂದೆ ಹಣವನ್ನು ಎರಡು ಸಾರಿ ಎಣಿಸಿ, ಮೊತ್ತವನ್ನು ಚೀಟಿಯಲ್ಲಿ ಬರೆದು, ತಾವು ರುಜುಹಾಕಿ, ನನ್ನಿಂದಲೂ ರುಜುಹಾಕಿಸಿಕೊಂಡರು. ಹಿಗ್ಗಿದ ಎದೆಯು ಕುಗ್ಗಿಹೋಯಿತು. ನನ್ನನ್ನು ಕಳ್ಳನೆಂದು ಎಣಿಸಿದರಲ್ಲಾ ಎಂದು ಒಂದು ವಾರ ಅವರೊಡನೆ ನೆಟ್ಟಗೆ ಮಾತಾಡಲಿಲ್ಲ. ಅವರೂ ಏನೂ ಕೇಳಲಿಲ್ಲ.

ಮೂರು ತಿಂಗಳಾದ ಮೇಲೆ ಲೆಕ್ಕಗಳನ್ನು ಹೋಲಿಸಿ ನೋಡಿದಾಗ ಹರಾಜಿನ ಪಟ್ಟಿಗಿಂತ ಸಂದಾಯವಾದ ಹಣವು ಎಂಟುನೂರ ನಲ್ವತ್ತು ರೂಪಾಯಿ ಕಡಿಮೆಯಾಗಿತ್ತು. ಎಲ್ಲರ ಕಣ್ಣೂ ನನ್ನ ಕಡೆಗೆ ತಿರುಗಿತು. ವೃದ್ಧರು ಸತ್ಯವೇದದ ಪುಟಗಳ ನಡುವಿನಿಂದ ಆ ಚೀಟಿಯನ್ನು ತೆಗೆದು ಮೇಜಿನ ಮೇಲೆ ಇಟ್ಟರು. ನನ್ನ ಕೈಗೆ ಕೊಟ್ಟಷ್ಟು ಹಣವನ್ನು ನಾನು ಒಪ್ಪಿಸಿದ್ದೆನು. ಕಡಿಮೆಯಾದದ್ದು, ಹರಾಜು ಕೂಗಿ ‘ನಾಳೆ ಕೊಡುತ್ತೇನೆ’ ಎಂದವರ ಬಾಕಿ. ಮನೆಗೆ ನಡೆಯುತ್ತಾ ನಾನು, “ಅಯ್ಯನವರೇ, ಇದು ನನ್ನ ರಕ್ಷಣೆಗೆಂದು ಆ ದಿನವೇ ಒಂದು ಮಾತು ಹೇಳಬಾರದಾಗಿತ್ತೇ?” ಎಂದೆನು. ಅವರು ಬಹಳ ದೂರ ಸುಮ್ಮನೆ ನಡೆದು, “ಹೇಳಬೇಕಾಗಿತ್ತು, ಮಗಾ. ನನಗೆ ಕಲಿಸಿದವರು ಯಾವದನ್ನೂ ಹೇಳುತ್ತಿರಲಿಲ್ಲ, ನಾನೂ ಹಾಗೆಯೇ ಕಲಿತುಬಿಟ್ಟೆ” ಎಂದರು. ನಾನು ಅವರನ್ನು ಪೂರ್ಣವಾಗಿ ನಂಬಿದ್ದು ಚೀಟಿ ಕಂಡಾಗಲ್ಲ, ಈ ಮಾತನ್ನು ಕೇಳಿದಾಗ.

ಆದಕಾರಣ ಲೆಕ್ಕವು ಬೇರೆ, ಸಂಶಯವು ಬೇರೆ. ಯೆರೂಸಲೇಮಿನ ಬಡವರಿಗಾಗಿ ಕೂಡಿಸಿದ ಹಣವನ್ನು ಒಯ್ಯುವಾಗ ಪೌಲನು ಸಭೆಗಳಿಂದ ನೇಮಕವಾದ ಸಹೋದರರನ್ನು ಸಂಗಡ ಇಟ್ಟುಕೊಂಡದ್ದು ತನ್ನ ಮೇಲೆಯೇ ಅಪವಾದ ಬಾರದಂತೆ. ಗುರುವೂ ಶಿಷ್ಯನೂ ಇಬ್ಬರೂ ರುಜುಹಾಕಿದರೆ ಅದು ಲೆಕ್ಕ. ಶಿಷ್ಯನೊಬ್ಬನೇ ರುಜುಹಾಕಬೇಕು, ಗುರುವಿನ ಪೆಟ್ಟಿಗೆಯನ್ನು ಯಾರೂ ತೆರೆದು ನೋಡಬಾರದು ಎಂದರೆ, ಅದಕ್ಕೆ ಯಾವ ಹೆಸರನ್ನಿಟ್ಟರೂ ಅದು ಸಂಶಯವೇ. ಕಿರಿಯರಿಗೂ ಒಂದು ಮಾತು ಹೇಳಬೇಕಾಗಿದೆ. ಒಂದು ವಾರ ಮುಖ ತಿರುಗಿಸಿಕೊಂಡಿದ್ದ ನಾನು ಮೊದಲನೆಯ ದಿನವೇ ಹೋಗಿ ಕೇಳಿದ್ದರೆ ಆ ವಾರವು ನನಗೂ ಅವರಿಗೂ ಉಳಿಯುತ್ತಿತ್ತು. ಮನಸ್ಸಿನಲ್ಲಿ ಗುರುವನ್ನು ನ್ಯಾಯಾಸನದ ಮುಂದೆ ನಿಲ್ಲಿಸಿ ಬಾಯಿಂದ ‘ಆಗಲಿ ಅಯ್ಯನವರೇ’ ಎನ್ನುತ್ತಿರುವದು ವಿಧೇಯತ್ವವಲ್ಲ.

ಕಳೆದ ತಿಂಗಳು ತಿರಿಗಿ ಆ ಸಭೆಗೆ ಹೋಗಿದ್ದೆನು. ಹಿರಿಯರ ಸಂಗಡ ಅದೇ ಜಗಲಿಯ ಮೇಲೆ ಕುಳಿತು, ಮೊಗ್ಲಿಂಗ್ ಅಯ್ಯನವರ ಸಂಗತಿಯನ್ನೂ ಚೀಟಿಯ ಸಂಗತಿಯನ್ನೂ ಹೇಳಿದೆನು. ಅವರು ಎಲೆಯಡಿಕೆಯ ಚೀಲವನ್ನು ಬಿಚ್ಚಿ ಕಟ್ಟಿ, ತಿರಿಗಿ ಬಿಚ್ಚಿದರು. ಆಮೇಲೆ ಒಳಗೆ ಬೆಂಚುಗಳನ್ನು ಸರಿಮಾಡುತ್ತಿದ್ದ ಹುಡುಗನನ್ನು ಕರೆದು, “ಏನಪ್ಪಾ, ಮಂಡಿಯಲ್ಲಿ ನಿನಗೆ ತಿಂಗಳಿಗೆ ಎಷ್ಟು ಸಂಬಳ ಬರುತ್ತಿತ್ತು?” ಎಂದು ಕೇಳಿದರು. ಹುಡುಗನು ತಲೆತಗ್ಗಿಸಿ ಹೇಳಿದನು. ಈಗ ಅವನಿಗೆ ಸಭೆಯಿಂದ ದೊರೆಯುವದಕ್ಕಿಂತ ಅದು ಮೂರುಪಾಲು ಹೆಚ್ಚಾಗಿತ್ತು. ಹಿರಿಯರು ಬಹಳ ಹೊತ್ತು ಅವನನ್ನೇ ನೋಡುತ್ತಿದ್ದು, “ಎರಡು ವರುಷ ಜೊತೆಯಲ್ಲಿ ನಡೆದೆವು, ಇದನ್ನು ನಾನು ಕೇಳಿಯೇ ಇರಲಿಲ್ಲವಲ್ಲಾ” ಎಂದರು. ನನಗೆ ಬಸ್ಸಿನ ಹೊತ್ತಾಯಿತು. ನಾನು ಎದ್ದಾಗ ಅವರು ಬರುವ ಶನಿವಾರದ ಹಳ್ಳಿಗಳ ಪಟ್ಟಿಯನ್ನು ಹುಡುಗನ ಕೈಗೆ ಕೊಟ್ಟು, ಯಾವ ಊರಿಗೆ ಮೊದಲು ಹೋಗಬೇಕೆಂದು ಅವನನ್ನೇ ಕೇಳುತ್ತಿದ್ದರು.